ನೀಲವ್ವನ ಮಂಚದೆದುರಿನ ಹಕ್ಕಿಗಳು

ಸ್ಟುಡಿಯೋಕ್ಕೆ ಬಂದವರಿಗೆ ಗುರುಸಿದ್ದಪ್ಪ ಕಾಕಾ ಎಂದೂ "ನಗ್ರಿ" ಅಂದವರಲ್ಲ. "ಉಸರು ಬಿಡ್ರಿ, ಮಾರಿ ತಾನ ಸಡ್ಲ ಆಗ್ತೈತಿ" ಎನ್ನುತ್ತಿದ್ದರು. ಹುನಗುಂದದ ನಮ್ಮ ಓಣಿಯ ಗೋಡೆಗಳ ಮೇಲೆ ಅವರು ತೆಗೆದ ಫೋಟೋಗಳಲ್ಲಿ ಯಾರೂ ನಗುತ್ತಿಲ್ಲ. ಆದರೆ ಎಲ್ಲರೂ ಅವರವರ ಹಾಗೆಯೇ ಇದ್ದಾರೆ. ಮೊಬೈಲು ಬಂದ ಮೇಲೆ ಅವರಿಗೆ ಉಳಿದ ಕೆಲಸವೆಂದರೆ ತೀರಿಕೊಂಡವರ ಚಿತ್ರ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡುವುದು. ಹೆಂಡತಿ ನೀಲವ್ವ ಕಾಕುವಿಗೆ ಲಕ್ವಾ ಹೊಡೆದ ವರ್ಷ ಅದನ್ನೂ ಬಿಟ್ಟು ಅಂಗಡಿಗೆ ಕೀಲಿ ಹಾಕಿದರು.

ಕಾಕು ಇಳಕಲ್ಲಿನ ಮಗ್ಗದ ಮನೆಯ ಮಗಳು. ಕೈಗೆ ಕೆಲಸವಿಲ್ಲದೆ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಅಂಥವರ ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಕಾಕುವಿನ ಮಂಚವನ್ನು ಕಾಕಾ ಹಿತ್ತಲ ಬಾಗಿಲಿನ ಎದುರಿಗೆ ಎಳೆದು ಹಾಕಿದರು. ಒಂದು ಮುಂಜಾನೆ ದಾಸವಾಳಕ್ಕೆ ಬಂದ ಸೂರಕ್ಕಿಯ ಹಿಂದೆ ಕಾಕುವಿನ ಕಣ್ಣು ಸರಿದಾಡಿದ್ದನ್ನು ಕಂಡು, ಮೂಲೆಗಿಟ್ಟಿದ್ದ ಕ್ಯಾಮೆರಾ ಮತ್ತೆ ಕೈಗೆತ್ತಿಕೊಂಡರು.

ಆದರೆ ಬಟ್ಟೆ ಒಣಹಾಕುವ ತಂತಿಯ ಮೇಲೆ ಹಕ್ಕಿ ಬಂದು ಕೂತರೆ ಕ್ಯಾಮೆರಾ ಕೆಳಗಿಳಿಸಿಬಿಡುತ್ತಿದ್ದರು.

"ಇಷ್ಟ ಹತ್ರ ಕುಂತೈತಿ, ತಗೀರಲ್ಲ ಕಾಕಾ" ಎಂದೆ ಒಮ್ಮೆ.

"ತಂತಿ ಮ್ಯಾಲಿಂದು ಬ್ಯಾಡವಾ ಸಾವಿತ್ರಿ. ಹೊಲದಾಗ ಹ್ಯಾಂಗ ಕುಂಡರ್ತಾವು, ಹಂಗ ತೋರಸ್ಬೇಕು ಆಕಿಗೆ. ಇನ್ನ ಆಕಿ ಹೊಲಕ್ಕ ಹೋಗಾಕಿ ಅಲ್ಲ."

ಶಿರೂರಿನ ಕಡೆಯ ಬದುಗಳಿಂದ ಬಾರಿಗಿಡದ ಒಣಟೊಂಗೆ, ಜಾಲಿಯ ಕೊಂಬೆ ಹೊತ್ತು ತರುತ್ತಿದ್ದರು. ಮಣ್ಣು ತುಂಬಿದ ಡಬ್ಬಿಯಲ್ಲಿ ಅದನ್ನು ನೆಟ್ಟು, ಪಕ್ಕದಲ್ಲಿ ನೀರಿನ ಪರಟಿ ಇಟ್ಟು, ಗೋಣಿತಟ್ಟಿನ ಮರೆಯಲ್ಲಿ ಕೂತರೆಂದರೆ ಕೆನ್ನೆಯ ಮೇಲಿನ ಸೊಳ್ಳೆಯನ್ನೂ ಓಡಿಸುತ್ತಿರಲಿಲ್ಲ. ನೀರಿಗೆ ಬಂದ ಗುಬ್ಬಿ, ಪಿಕಳಾರ ಇಳಿಯುವ ಮೊದಲು ಆ ಟೊಂಗೆಯ ಮೇಲೆ ಒಂದು ಗಳಿಗೆ ಕೂರುತ್ತಿದ್ದವು. ಆ ಗಳಿಗೆಯ ಚಿತ್ರಗಳೆಲ್ಲ ಮಂಚದೆದುರಿನ ಗೋಡೆ ಸೇರಿದವು. ಕಾಕು ಎಡಗೈ ಎತ್ತಿ ತೋರಿಸಿದ್ದನ್ನು ದೊಡ್ಡದು ಮಾಡಿಸಿ ತರುತ್ತಿದ್ದರು.

ಆ ಬೇಸಿಗೆಯಲ್ಲಿ ಸಿಂಪಿಗ ಹಕ್ಕಿಯೊಂದು ಲಿಂಬಿಗಿಡದ ಎಲೆ ಹೊಲಿದು ಗೂಡು ಮಾಡಿತು. ಮರಿಗಳ ಚೀಂ ಚೀಂ ಕಾಕುವಿಗೆ ಮಲಗಿದಲ್ಲೇ ಕೇಳುತ್ತಿತ್ತು. ದಿನವೂ ಗಿಡದ ಕಡೆ ಕೈ ಮಾಡಿ, ಬೆರಳು ಕೂಡಿಸಿ ಬಿಡಿಸಿ, ಮರಿಯ ಬಾಯಿ ನೋಡಬೇಕೆಂದು ಸನ್ನೆ ಮಾಡುತ್ತಿದ್ದರು. ಗೂಡಿನ ತಂಟೆಗೆ ಹೋಗದ ಕಾಕಾ ಕಡೆಗೆ ಸೋತರು. ಒಂದು ದಿನ ಮರೆಯಾಗಿದ್ದ ಎಲೆಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿ ಚಿತ್ರ ತೆಗೆದರು. ದಾರ ಬಿಚ್ಚಬೇಕೆನ್ನುವಷ್ಟರಲ್ಲಿ ಒಳಗೆ ಕಾಕುವಿಗೆ ಫಿಟ್ಸ್ ಬಂತು. ಕಾಕಾ ಚೀರಿದ್ದು ಕೇಳಿ ಪಕ್ಕದ ಮನೆಯಿಂದ ನಾನು ಓಡಿಹೋದೆ. ಇಬ್ಬರೂ ಕೂಡಿ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಯ ದವಾಖಾನೆಗೆ ಹೋದೆವು.

ಮರುದಿನ ಸಂಜೆ ಅರಿವೆ ಒಯ್ಯಲೆಂದು ಕಾಕಾ ಮನೆಗೆ ಬಂದಾಗ ನಾನೂ ಜೊತೆಗಿದ್ದೆ. ಅವರು ನೇರ ಹಿತ್ತಲಿಗೆ ನಡೆದರು. ಎರಡು ದಿನದ ಬಿಸಿಲು ಗೂಡಿನೊಳಗೇ ಬಿದ್ದಿತ್ತು. ಮರಿಗಳಿಗೆ ಇರುವೆ ಹತ್ತಿದ್ದವು. ತಾಯಿಹಕ್ಕಿ ಬಾಯಲ್ಲಿ ಹುಳ ಹಿಡಿದು ಒಣಟೊಂಗೆಯ ಮೇಲೆ ಕೂತಿತ್ತು. ಕಾಕಾ ದಾರ ಬಿಚ್ಚಿದರು. ಎಲೆಗಳು ತಮ್ಮ ಜಾಗಕ್ಕೆ ಬಂದವು.

"ನೆರಳ ತಗದಾಂವ ನಾನವಾ" ಎಂದರು.

ವಾರದ ಮೇಲೆ ಕಾಕು ಮನೆಗೆ ಬಂದರು. ಬಂದವರೇ ಲಿಂಬಿಗಿಡದ ಕಡೆ ಕೈ ಮಾಡಿದರು. ಕಾಕಾ ಆ ಚಿತ್ರ ತಂದು ಹಿಡಿದರು: ಎಳೆಗೆಂಪು ಮೈ, ಅರಳಿದ ಬಾಯಿಗಳು. ಕಾಕು ಚಿತ್ರ ನೋಡಿ, ಗಿಡ ನೋಡಿ, ಮತ್ತೆ ಗಂಡನ ಮುಖ ನೋಡಿದರು.

"ಹಾರಿ ಹೋದವು ಬಿಡ. ದೊಡ್ಡವು ಆಗಿದ್ವಲ್ಲ" ಎಂದರು ಕಾಕಾ.

ಕಾಕು ತಲೆಯಾಡಿಸಿದರು. ಮಳೆಗಾಲ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಮುಂದಿನ ಚಳಿಗಾಲಕ್ಕೆ ಕಾಕಾನೂ ಹೋದರು. ಅದಕ್ಕೆ ಕೆಲವು ದಿನ ಮೊದಲು, ರೊಟ್ಟಿ ಕೊಡಲು ಹೋದಾಗ ನಾನು ಅವರನ್ನು ಕಡೆಯದಾಗಿ ಕಂಡದ್ದು. ಗೋಡೆಯ ಚಿತ್ರಗಳನ್ನೆಲ್ಲ ಕಿತ್ತಿದ್ದರು. ಮರಿಗಳದ್ದೊಂದು ಮಾತ್ರ ಇತ್ತು.

"ಇದನ್ಯಾಕ ಇಟ್ಟೀರಿ ಕಾಕಾ? ನೋಡಿದಾಗೊಮ್ಮೆ ಸಂಕಟ" ಎಂದೆ.

"ಆಕಿಗೆ ಗೊತ್ತಾಗಿತ್ತವಾ" ಎಂದರು. "ಮೈಮ್ಯಾಲ ಪುಕ್ಕನ ಇಲ್ಲ, ವಾರದಾಗ ಹಾರ್ತಾವೇನು? ನಾ ಸುಳ್ಳ ಹೇಳಿದ ಮರುದಿನಾನ ಹಿತ್ತಲ ಬಾಗಲಾ ಹಾಕಂತ ಸನ್ನಿ ಮಾಡಿದ್ಲು. ಕಣ್ಣಿಗೆ ಬಿಸಲ ಕುಕ್ಕತೈತೇನೋ ಅನಕೊಂಡ್ನಿ. ಹಂಗಲ್ಲ. ನಾ ಆ ಗಿಡಾ ನೋಡ್ದಾಗೊಮ್ಮೆ ನನ್ನ ಮಾರಿ ಹ್ಯಾಂಗ ಆಗ್ತಿತ್ತು, ಅದನ್ನ ನೋಡಿದ್ಲು."

ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಆಮ್ಯಾಲ ಸಾಯೂತನಕ ಆ ಬಾಗಲಾ ತಗೀಗೊಡಲಿಲ್ಲ. ಒಂದ ಹಕ್ಕಿನೂ ನೋಡದ ಹೋದ್ಲು."