ಮಾರಾಟವಾಗದ ಮನೆ ಮತ್ತು ನಂಜುಂಡನ ಪೆಟ್ಟಿಗೆ

ಇಳಾ, ಅನಘಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಮ್ಮ ನಂಜುಂಡೇಶ್ವರನನ್ನು ನಂಬಿದ ಬೇರೆಯವರು ಓದಿದರೂ ಸಂತೋಷವೇ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ನಿಂತು ಮಾತನಾಡಲು ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೇ ಧೈರ್ಯ.

2023ರ ಮಾತು. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಈ ಪರದೇಶದ ಲಾರೆನ್ಸ್‌ವಿಲ್ ಊರಿನ ಮನೆಯಲ್ಲಿ ನಾನೊಬ್ಬಳೇ. ಕಾರು ಓಡಿಸಲು ಬಾರದವಳಿಗೆ ಅಲ್ಲಿ ಹಾಲು ತರಲೂ ಇನ್ನೊಬ್ಬರು ಬೇಕು. ಮನೆ ಮಾರಿ ನಿಮ್ಮೂರು ಕ್ಲಾರ್ಕ್ಸ್‌ಬರ್ಗ್‌ಗೆ ಬಂದುಬಿಡು ಎಂದು ನಿಮ್ಮಮ್ಮ ಹಟ ಹಿಡಿದಳು. ನನಗೂ ನಿಮ್ಮ ಹತ್ತಿರ ಇರಬೇಕೆಂಬ ಆಸೆ ಬಿಟ್ಟರೆ ಬೇರೇನೂ ಇರಲಿಲ್ಲ.

ಪರಿಚಯದವರೊಬ್ಬರು ರಮೇಶ್ ಎಂಬ ಏಜೆಂಟರನ್ನು ಕಳಿಸಿದರು. ಬೆಂಗಳೂರಿನವರು, ಒಳ್ಳೆಯ ಮಾತು. ಊಟದ ಮೇಜಿನ ಮೇಲೆ ಮನೆ ಮಾರಿಸಿಕೊಡುವ ಒಪ್ಪಂದದ ಎರಡು ಪ್ರತಿ ಹರಡಿದರು, ಒಂದು ನನಗೆ, ಒಂದು ಅವರ ಆಫೀಸಿಗೆ.

"ಎಲ್ಲಾ ಸ್ಟ್ಯಾಂಡರ್ಡ್ ಆಂಟಿ, ಇಲ್ಲಿ ಸೈನ್ ಮಾಡಿದ್ರೆ ಸಾಕು."

ಸಹಿ ಹಾಕಿದೆ. ಆಮೇಲೆ ಅದೆಲ್ಲಿಂದ ಧೈರ್ಯ ಬಂತೋ, ಒಂದೇ ಒಂದು ಪ್ರಶ್ನೆ ಕೇಳಿದೆ. "ಮನೆ ಮಾರಾಟ ಆಗ್ದೇ ಹೋದ್ರೆ ನಾನೇನಾದ್ರೂ ಕೊಡ್ಬೇಕಾಗತ್ತಾ?"

"ಏನೂ ಇಲ್ಲ ಆಂಟಿ. ಬೇಕಾದ್ರೆ ಬರೆದೇ ಕೊಡ್ತೀನಿ," ಎಂದು ನಕ್ಕು, ನನ್ನ ಪ್ರತಿಯ ಕೆಳಗೆ ಪೆನ್ನಿನಲ್ಲಿ ಏನೋ ಬರೆದು ಸಹಿ ಮಾಡಿದರು. ನಾನು ನಮ್ಮ ಪದ್ಧತಿಯಂತೆ ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಇನ್ನೊಂದು ಪ್ರತಿಗೂ ಕೈ ಚಾಚಿದೆ.

"ಅಯ್ಯೋ, ಆಫೀಸ್ ಕಾಪಿಗೆ ಬೇಡ ಆಂಟಿ, ಪ್ಲೀಸ್," ಎಂದು ಅವರು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು.

ಮನೆ ತೋರಿಸುವುದಕ್ಕೆ ಅವರದೇ ನಿಯಮಗಳಿದ್ದವು. ಒಗ್ಗರಣೆ ಹಾಕಬಾರದು, ಫೋಟೋ ತೂಗುಹಾಕಬಾರದು. "ದೇವ್ರನ್ನೂ ತೆಗೀಬೇಕು ಆಂಟಿ. ನೋಡೋಕೆ ಬಂದವ್ರಿಗೆ ಇದು ತಮ್ಮ ಮನೆ ಅನ್ನಿಸ್ಬೇಕು." ಮರುದಿನವೇ ಚಿತ್ರ ತೆಗೆಯುವವರು ಬರುವವರಿದ್ದರು. ಗಡಿಬಿಡಿಯಲ್ಲಿ ನಂಜುಂಡನ ಪಟ, ದೀಪ, ಗಂಟೆ ಎಲ್ಲವನ್ನೂ ಕೆಳಗೆ ಹಾಸಿದ್ದ ವಸ್ತ್ರದ ಸಮೇತ ಗಂಟು ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪು ಅಂಟಿಸಿದೆ. ಹೊಸ ಜಾಗದಲ್ಲಿ ಹಾಲುಕ್ಕಿಸಿದ ಮೇಲೆಯೇ ಬಿಚ್ಚುತ್ತೇನೆ ಎಂದು ಹರಕೆಯ ಹಾಗೆ ಹೇಳಿಕೊಂಡೆ. ಒಂದು ತಿಂಗಳ ಮಾತೆಂದುಕೊಂಡಿದ್ದೆ.

ಆರು ತಿಂಗಳಾಯಿತು. ಯಾರಾದರೂ ನೋಡಲು ಬರುತ್ತಾರೆಂದರೆ ನಾನು ಹೊರಗಿರಬೇಕು. ಬಿಸಿಲಲ್ಲಿ ಬೀದಿ ಕೊನೆಯ ಟಪಾಲು ಪೆಟ್ಟಿಗೆಗಳ ಪಕ್ಕದ ಕಲ್ಲಿನ ಮೇಲೆ ಕೂತು, ನನ್ನದೇ ಮನೆಯಿಂದ ಅಪರಿಚಿತರು ಹೊರಬರುವುದನ್ನು ಕಾಯುತ್ತಿದ್ದೆ. ಯಾರೂ ಕೊಳ್ಳಲಿಲ್ಲ. ಸಾಲದ ಬಡ್ಡಿ ಏರಿದೆ, ಜನ ಹಿಂಜರಿಯುತ್ತಿದ್ದಾರೆ ಎಂದರು ರಮೇಶ್.

ಪಕ್ಕದ ಬೀದಿಯ ಒಂದು ಸಂಸಾರ ಬಾಡಿಗೆಗಾದರೂ ಕೊಡಿ ಎಂದು ಕೇಳುತ್ತಿತ್ತು. ಮಾರಾಟಕ್ಕಿಟ್ಟ ಮನೆಯಾದ್ದರಿಂದ ಅದಕ್ಕೆ ಮೊದಲು ರಮೇಶ್ ಅವರ ಕಂಪನಿ ನನ್ನನ್ನು ಒಪ್ಪಂದದಿಂದ ಬಿಡುಗಡೆ ಮಾಡಬೇಕಿತ್ತು.

"ಪೇಪರ್‌ವರ್ಕ್ ಫೀ ಕಟ್ಬೇಕು ಆಂಟಿ. ನಿಮ್ಮ ಪರವಾಗಿ ಅಷ್ಟೊಂದು ಫಾರ್ಮ್ ಮಾಡಿದೀವಲ್ಲ. ಸೇಲ್ ಆಗ್ಲಿ, ಬಿಡ್ಲಿ, ಕಂಪನಿ ರೂಲ್."

"ಇಲ್ಲ ಅಂತ ಬರೆದುಕೊಟ್ಟಿದ್ರಲ್ಲಪ್ಪ?"

"ಆಫೀಸ್ ಕಾಪೀಲಿ ಹಾಗೇನೂ ಇಲ್ವಲ್ಲ. ನಿಮ್ಮ ಕಾಪಿ ತೋರ್ಸಿ."

ನನ್ನ ಪ್ರತಿ ಎಲ್ಲಿಯೂ ಇರಲಿಲ್ಲ. ಬೀರು, ಹಾಸಿಗೆಯಡಿ, ತಾತನ ಹಳೆಯ ಫೈಲು, ಅಕ್ಕಿ ಡಬ್ಬ ಎಲ್ಲ ಹುಡುಕಿದೆ. ಜಗಳವಾಡಲು ನಾಚಿಕೆಯಾಗಿ ಚೆಕ್ಕು ಬರೆದುಕೊಟ್ಟೆ. ನಿಮ್ಮಮ್ಮನಿಗೆ ಹೇಳಲಿಲ್ಲ. ವಾರ ಕಳೆದು ಅದು ಅರ್ಧ ಮಾತ್ರ, ಇನ್ನರ್ಧ ಬಾಕಿ ಎಂದು ಇನ್ನೊಂದು ಬಿಲ್ಲು ಬಂತು. ಕೊಡಲು ಕೈಯಲ್ಲಿರಲಿಲ್ಲ. ಮಾರಲೂ ಆಗದು, ಬಾಡಿಗೆಗೆ ಕೊಡಲೂ ಆಗದು, ಬಿಟ್ಟು ಬರಲೂ ಆಗದು. ಫೋನಿನಲ್ಲಿ ನೀವು "ಅಜ್ಜಿ, ವೆನ್ ಆರ್ ಯೂ ಕಮಿಂಗ್?" ಎಂದಾಗಲೆಲ್ಲ "ಬರ್ತೀನಿ ಕಂದ" ಎಂದು ಸುಳ್ಳು ಹೇಳುತ್ತಿದ್ದೆ.

ಕಾರ್ತಿಕ ಸೋಮವಾರ ಬಂತು. ಅಂದು ಸಂಜೆಯೂ ಯಾರೋ ಮನೆ ನೋಡಲು ಬರುವವರಿದ್ದರು. ಹೊರಗೆ ಹೋಗಲು ಚಪ್ಪಲಿ ಹಾಕಿಕೊಂಡವಳು ಬಾಗಿಲಲ್ಲೇ ನಿಂತೆ. ಹುಟ್ಟಿದಾಗಿನಿಂದ ಕಾರ್ತಿಕ ಸೋಮವಾರ ದೀಪ ತಪ್ಪಿಸಿದವಳಲ್ಲ. ನಾನು ಬೀದಿಯ ಕಲ್ಲಿನ ಮೇಲೆ, ಅವನು ಟೇಪು ಅಂಟಿಸಿದ ಪೆಟ್ಟಿಗೆಯಲ್ಲಿ. ಇಬ್ಬರನ್ನೂ ಮನೆಯಿಂದ ಹೊರಗಿಟ್ಟವಳು ನಾನೇ ಅಲ್ಲವೇ ಅನ್ನಿಸಿತು. ಹರಕೆ ಮುರಿದರೆ ಮುರಿಯಲಿ, ಬಂದವರು ಓಡಿಹೋದರೆ ಹೋಗಲಿ ಎಂದು ಚಪ್ಪಲಿ ಬಿಟ್ಟು, ಚಾಕು ತಂದು ಟೇಪು ಕೊಯ್ದೆ.

"ತಪ್ಪಾಯ್ತಪ್ಪ ನಂಜುಂಡ. ಈ ಮನೆ ಮಾರಿಸಿಕೊಡು, ಇಲ್ಲ ನನ್ನನ್ನ ಇಲ್ಲೇ ಇರಿಸಿ ಸುಮ್ಮನಿರೋ ಹಾಗೆ ಮಾಡು," ಎಂದು ಗಂಟು ಬಿಚ್ಚಿದೆ. ಪಟದ ಹಿಂದೆ, ವಸ್ತ್ರದ ಮಡಿಕೆಯಲ್ಲಿ, ಮೂಲೆಗಳಲ್ಲಿ ಅರಿಶಿನವಿದ್ದ ಕಾಗದ. ಸಹಿಯಾದ ದಿನ ಅದನ್ನು ದೇವರ ಮುಂದೆ ಇಟ್ಟವಳು ನಾನೇ, ಗಡಿಬಿಡಿಯಲ್ಲಿ ದೇವರೊಂದಿಗೇ ಕಟ್ಟಿಟ್ಟವಳೂ ನಾನೇ.

ಮೊದಲು ದೀಪ ಹಚ್ಚಿದೆ. ಮನೆ ನೋಡಲು ಬರಬೇಕಿದ್ದವರು ಬರಲೇ ಇಲ್ಲ. ಆಮೇಲೆ ನಿಮಗೆ ವಿಡಿಯೋ ಕರೆ ಮಾಡಿದೆ. ಆ ಕೂಡಿಸಿ ಬರೆದ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಇಳಾ, ನಿನಗಾಗ ಹತ್ತು ವರ್ಷ. ಪರದೆಗೆ ಮೂಗು ತಾಗಿಸಿಕೊಂಡು ಓದಿದೆ.

"ಅಜ್ಜಿ, ಸೋ ಮೆಸ್ಸಿ ರೈಟಿಂಗ್! ಮನೆ ಸೋಲ್ಡ್ ಆಗಿಲ್ಲ ಅಂದ್ರೆ ನೋ ಪೇಪರ್‌ವರ್ಕ್ ಫೀ. ಅಷ್ಟೇ ಇದೆ. ಅಜ್ಜಿ, ಯಾಕೆ ಅಳೋದು?"

ನಿಮ್ಮಮ್ಮ ಫೋನು ಕಸಿದುಕೊಂಡಳು. "ಫೀ ಕಟ್ಬಿಟ್ಟಿದ್ಯಾ ಅಮ್ಮ? ನನ್ಗೊಂದು ಮಾತು ಹೇಳ್ಬಾರ್ದಿತ್ತಾ?" ಆಗ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈದದ್ದೂ ಹಿತವಾಗಿತ್ತು.

ಕಾಗದದ ಚಿತ್ರ ಕಳಿಸಿದ ಮೇಲೆ ರಮೇಶ್ ಫೋನು ಮಾಡಿದರು. "ನನ್ನ ಕೈಬರಹನೇ ಆಂಟಿ. ಆಫೀಸ್ ಕಾಪೀಲೂ ಬರೀಬೇಕಿತ್ತು. ಅರಿಶಿನ ಆಗತ್ತೆ ಅಂತ ಎತ್ಕೊಂಡವನು ಮರ್ತೇಬಿಟ್ಟೆ." ಹತ್ತು ದಿನದಲ್ಲಿ ಬಿಡುಗಡೆಯ ಪತ್ರವೂ ನನ್ನ ಹಣವೂ ಬಂದವು. ಬಾಡಿಗೆಗೆ ಕೇಳಿದ್ದ ಸಂಸಾರಕ್ಕೆ ಬೀಗದ ಕೈ ಕೊಟ್ಟೆ. ನಿಮ್ಮಮ್ಮ ಕಾರು ತಂದಳು. ದಾರಿಯಲ್ಲಿನ ಎರಡು ಕ್ಯಾರೊಲಿನಾ ರಾಜ್ಯಗಳನ್ನೂ ದಾಟುವಷ್ಟು ಹೊತ್ತು ನಂಜುಂಡ ನನ್ನ ತೊಡೆಯ ಮೇಲಿದ್ದ, ಈ ಸಲ ಪೆಟ್ಟಿಗೆಯಿಲ್ಲದೆ.

ಮಕ್ಕಳೇ, ನಾನು ಬೇಡಿದ್ದು ಮನೆ ಮಾರಾಟವಾಗಲಿ ಎಂದು. ಅದು ಇಂದಿಗೂ ಮಾರಾಟವಾಗಿಲ್ಲ. ಆದರೂ ಇದನ್ನು ನಿಮ್ಮ ಕೋಣೆಯ ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದೆ. ಸಹಿಯ ದಿನ ನನ್ನಂಥವಳ ಬಾಯಿಂದ ಆ ಒಂದು ಪ್ರಶ್ನೆ ಕೇಳಿಸಿದವನು ನಂಜುಂಡನೇ ಎಂದು ನಂಬಿದ್ದೇನೆ. ಅರಿಶಿನದ ಆ ಕಾಗದ ಅವನ ಪಟದ ಹಿಂದೆಯೇ ಇದೆ. ಮನೆ ಗುಡಿಸುವಾಗ ಎಸೆಯಬೇಡಿ.