ಅಪ್ಪನ ಪೈಪ್, ತಮ್ಮನ ಆಲ್ಬಂ

ನನ್ನ ತಮ್ಮನಿಗೆ ಹಾರ್ಡ್ ರಾಕ್ ಹುಚ್ಚು. ತೊಂಬತ್ತರ ದಶಕದಲ್ಲಿ ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಅವನ ಎಲೆಕ್ಟ್ರಿಕ್ ಗಿಟಾರಿನದೇ ಆರ್ಭಟ. ಕುಕ್ಕರ್ ಕೂಗಿದ್ದು ಕೇಳಿಸದೆ ಅಮ್ಮ ಬೇಳೆ ಸೀಯಿಸುತ್ತಿದ್ದಳು. ಬೈಗುಳ ಮಾತ್ರ ನನಗೆ. ಅಪ್ಪ ಹಲಸೂರಿನ ಸೇನಾ ಪಲ್ಟನ್ನಿನ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ನುಡಿಸಿ ನಿವೃತ್ತರಾದವರು. ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಊದುವ ಆ ವಾದ್ಯ ಬಿಟ್ಟರೆ ಮಿಕ್ಕಿದ್ದೆಲ್ಲ ಅವರಿಗೆ ಗದ್ದಲ. ತಮ್ಮದೇ ಬೆರಳುಗಳ ಓಟದ ಬಗ್ಗೆ ಅವರಿಗಿದ್ದ ಜಂಬ ಹೇಳತೀರದು. ನಿಮ್ಮ ಬೆರಳು ನಿಧಾನವಾಯಿತು ಎಂದು ತಮಾಷೆ ಮಾಡಿದ ಸೋದರಮಾವನ ಜೊತೆ ಮಾತೇ ಬಿಟ್ಟಿದ್ದರು.

ಒಂದು ದಿನ ತಮ್ಮ ಯಾವನೋ ವಿದೇಶಿ ಗಿಟಾರಿಸ್ಟನ ಕ್ಯಾಸೆಟ್ ತಂದು ಹಾಕಿದ. ರಾಕ್ ಅಬ್ಬರದ ನಡುವೆ ಐರ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಧಾಟಿಗಳು. ಶೇವಿಂಗ್ ಸೋಪು ಹಚ್ಚಿಕೊಂಡಿದ್ದ ಅಪ್ಪ ಹಾಗೇ ಹೊರಗೆ ಬಂದರು.

"ಲೋ, ಇದು ನಮ್ಮ ಪೆರೇಡ್ ಧಾಟಿ ಕಣೋ. ಇವನಿಗ್ಯಾರು ಹೇಳ್ಕೊಟ್ರು?"

"ಅವ್ರದ್ದೇ ಅಪ್ಪ ಅದು. ನೀವೇ ಅವ್ರಿಂದ ಕಲ್ತಿದ್ದು."

"ಇರ್ಲಿ. ಚೆನ್ನಾಗ್ ನುಡಿಸ್ತಾನೆ."

ತಮ್ಮನ ಸಂಗೀತದ ಬಗ್ಗೆ ಅಪ್ಪ ಆಡಿದ ಮೊದಲ ಒಳ್ಳೆಯ ಮಾತು ಅದು.

ಕೆಲವು ವರ್ಷಗಳ ಮೇಲೆ ತಮ್ಮ ತನ್ನ ಗೆಳೆಯರನ್ನು ಕಟ್ಟಿಕೊಂಡು ಅದೇ ಬಗೆಯ ಆಲ್ಬಂ ಮಾಡಲು ಹೊರಟ. ಒಂದು ಹಾಡಿಗೆ ಪೈಪ್ ನುಡಿಸಿ ಎಂದು ಅಪ್ಪನನ್ನು ಕೇಳಿದ. ಅಪ್ಪ ತಾರಸಿಯ ಮೇಲೆ ಅಭ್ಯಾಸಕ್ಕೆ ನಿಂತರು. ಬೀದಿನಾಯಿಗಳು ಪಕ್ಕದ ಬೀದಿಗೆ ಮನೆ ಬದಲಾಯಿಸಿದವು. ಕಮ್ಮನಹಳ್ಳಿಯ ಸ್ಟುಡಿಯೋದಲ್ಲಿ ಒಬ್ಬರೇ ನುಡಿಸಿ ಬಂದ ಮೇಲೆ ಹಾಲಿನವನಿಂದ ಹಿಡಿದು ದಿನಸಿ ಅಂಗಡಿಯವರೆಗೆ ಎಲ್ಲರಿಗೂ ಹೇಳಿದರು.

ಎಡವಟ್ಟಾಗಿದ್ದು ಆಮೇಲೆ. ಪೈಪಿನ ಶ್ರುತಿ ಗಿಟಾರಿಗಿಂತ ತುಸು ಮೇಲೆ. ಅದನ್ನು ಇಳಿಸಲು ಬಾರದು, ಗಿಟಾರನ್ನೇ ಅದಕ್ಕೆ ಹೊಂದಿಸಬೇಕು. ಈ ಮಹಾನುಭಾವರು ಗಿಟಾರನ್ನು ಮೊದಲೇ ರೆಕಾರ್ಡ್ ಮಾಡಿ ಮುಗಿಸಿದ್ದರು. ಎರಡನ್ನೂ ಸೇರಿಸಿದರೆ ಕೇಳಲಾಗುತ್ತಿರಲಿಲ್ಲ. ಅಪ್ಪ ನುಡಿಸಿದ್ದನ್ನು ತೆಗೆದು, ಕೀಬೋರ್ಡಿನಲ್ಲಿ ಪೈಪಿನ ದನಿ ಬರಿಸಿ ಹಾಕಿದರು. ತಮ್ಮ ಅದನ್ನು ಮನೆಯಲ್ಲಿ ನನಗೊಬ್ಬಳಿಗೇ ಹೇಳಿದ.

"ಅಪ್ಪಂಗೆ ಹೇಳ್ಬೇಡ ಕಣೇ, ಸತ್ತೇ ಹೋಗ್ತಾರೆ. ಕವರ್ ಮೇಲೆ ಅವ್ರ ಹೆಸರು ಹಾಕಿದೀವಿ."

"ಅವ್ರಿಗೇನು ಕಿವಿ ಕೇಳಲ್ವಾ?" ಎಂದೆ. ನನಗೆ ಮೈಯೆಲ್ಲ ಉರಿದಿತ್ತು.

ಸಿಡಿ ಬಂದ ಭಾನುವಾರ ಅಪ್ಪ ಬ್ಯಾಂಡಿನ ಹಳೆಯ ಜೊತೆಗಾರರೊಬ್ಬರನ್ನು ಕರೆಸಿದರು. ಅವರೂ ಪೈಪರ್. ಹಾಡು ಶುರುವಾಯಿತು. ಪೈಪಿನ ದನಿ ಬಂದ ಕೂಡಲೇ ಅಪ್ಪನ ಮುಖದ ನಗು ಹೋಯಿತು. ತಮ್ಮ ನೆಲ ನೋಡುತ್ತ ಕುಳಿತಿದ್ದ. ಹಾಡು ಮುಗಿಯಿತು. ಜೊತೆಗಾರರು ಕವರ್ ತಿರುಗಿಸಿ ಹೆಸರು ಓದಿದರು.

"ಬೆರಳಿನ ಕೆಲಸಾನೇ ಇಲ್ವಲ್ಲಪ್ಪ ಇದ್ರಲ್ಲಿ. ನಿಜವಾಗ್ಲೂ ನೀನೇನಾ?"

ಅಪ್ಪ ತಮ್ಮನ ಕಡೆ ನೋಡಿದರು. ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆ.

"ನಾನೇ ಕಣಯ್ಯಾ" ಎಂದರು. "ವಯಸ್ಸಾಯ್ತು. ಬೆರಳು ಮೊದಲಿನ ಹಾಗೆ ಓಡಲ್ಲ."