ಕಾಲುವೆ ದಂಡೆಗೆ ಹೋದವನು

ಗಸ್ತಿಗೆ ಹೋದ ಜೋಡಿಯಲ್ಲಿ ಒಬ್ಬ ತೆವಳಿಕೊಂಡು ಮುಂದೆ ಹೋಗಬೇಕು, ಇನ್ನೊಬ್ಬ ಹಿಂದೆ ರೈಫಲ್ ಹಿಡಿದು ಕಾಯಬೇಕು. ಮುಂದಿನವನ ಮೇಲೆ ಗುಂಡು ಬಂದರೆ ಅವನು ವಾಪಸ್ ಬರುವ ತನಕ ಹಿಂದಿನವನು ಹಾರಿಸುತ್ತಿರಬೇಕು. ಎಪ್ಪತ್ತೊಂದರ ಯುದ್ಧದಲ್ಲಿ, ಪಂಜಾಬಿನ ಒಂದು ಕಾಲುವೆಯ ಹತ್ತಿರ, ನನ್ನ ಹಿಂದಿದ್ದವನು ಔರಾದಿನವ. ನಾನು ಭಾಲ್ಕಿ ತಾಲ್ಲೂಕಿನ ಸಾಯಗಾಂವದವ. ಇಡೀ ಪಲ್ಟನ್ನಿನಲ್ಲಿ ಬೀದರ ಜಿಲ್ಲೆಯವರು ನಾವಿಬ್ಬರೇ, ಒಂದೇ ತಟ್ಟೆಯಲ್ಲಿ ಉಂಡವರು.

ಬೆಳಗಿನ ಮಂಜಿನಲ್ಲಿ ದಂಡೆಯವರೆಗೆ ತೆವಳಿದೆ. ಆಚೆ ದಡದಲ್ಲಿ ಶತ್ರುಗಳು ಬಂಕರ್ ತೋಡಿ ಮೇಲೆ ಹುಲ್ಲು ಹೊದಿಸಿದ್ದರು. ಹೊಲ ಉತ್ತವನಿಗೆ ಹೊಸದಾಗಿ ಅಗೆದ ಮಣ್ಣು ಗೊತ್ತಾಗದೆ ಇರುತ್ತದೆಯೇ? ಮೂರು ಎಣಿಸಿದೆ. ನಾಲ್ಕನೆಯದಕ್ಕೆ ಕತ್ತೆತ್ತಿದ್ದೇ ತಡ, ಮಷಿನ್‌ಗನ್ ಶುರುವಾಯಿತು. ನೀರಿಗೆ ಉರುಳಿ, ದಂಡೆಯ ಬೇರು ಹಿಡಿದುಕೊಂಡು, ಹಿಂದಿನ ರೈಫಲ್ಲಿನ ಸದ್ದಿಗೆ ಕಾದೆ. ಬರಲೇ ಇಲ್ಲ. ಮಂಜು ಮತ್ತೆ ದಟ್ಟವಾದ ಮೇಲೆ ಹೇಗೋ ತೆವಳಿ ಬಂದರೆ, ಆಸಾಮಿ ಕಂದಕದಲ್ಲಿ ಚಹಾ ಕುಡಿಯುತ್ತ ಕೂತಿದ್ದ. ನಾನು ಸತ್ತೆನೆಂದು ಆಗಲೇ ವರದಿ ಕೊಟ್ಟಿದ್ದ.

"ಅಂಜಿಕಿ ಆಯ್ತು ದೋಸ್ತ್, ಓಡಿ ಬಂದೆ. ಯಾರಿಗೂ ಹೇಳಬ್ಯಾಡ, ನಮ್ಮ ಜಿಲ್ಲಾದ ಮರ್ಯಾದಿ ಹೋಗ್ತದ" ಎಂದ.

ಹೇಳಲಿಲ್ಲ. ಸಾಹೇಬರಿಗೆ ಮೂರು ಬಂಕರಿನ ಲೆಕ್ಕ ಕೊಟ್ಟು ಉಳಿದದ್ದನ್ನು ನುಂಗಿಕೊಂಡೆ.

ಮೊದಲು ರಜೆ ಸಿಕ್ಕವನು ಇನ್ನೊಬ್ಬನ ಮನೆಗೆ ಹೋಗಿ ಕ್ಷೇಮ ತಿಳಿಸಿ ಬರುವುದು ನಮ್ಮ ಪದ್ಧತಿ. ಔರಾದಿಗೆ ಹೋದೆ. ಅವನ ತಾಯಿ ರೊಟ್ಟಿ, ಪುಂಡಿಪಲ್ಯ ಬಡಿಸಿ, "ನನ್ನ ಮಗ ಹ್ಯಾಂಗ ಅದಾನಪ್ಪ?" ಎಂದು ಕೇಳಿದಳು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರಲ್ಲ. "ಅವ್ವಾ, ನಾ ಇವತ್ತು ಜೀವಂತ ಅದೀನಂದ್ರ ನಿಮ್ಮ ಮಗನಿಂದರಿ" ಎಂದುಬಿಟ್ಟೆ. ಬೇರೆ ಮಾತು ಹೊರಟರೆ ಆಕೆಯ ಕಿವಿಗೆ ಬಿದ್ದೀತೆಂದು ನನ್ನ ಹೆಂಡತಿಗೂ ಅದನ್ನೇ ಹೇಳಿದೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಹೋದ ವರ್ಷ ಬೀದರಿನಲ್ಲಿ ಮಾಜಿ ಸೈನಿಕರ ಸನ್ಮಾನವಿತ್ತು. ನನಗೂ ಔರಾದಿನವನಿಗೂ ಶಾಲು ಹೊದಿಸಿದರು. ಅವನು ಮೈಕ್ ಹಿಡಿದ. ದಂಡೆಗೆ ತೆವಳಿದವನು ಅವನೇ ಅಂತೆ! ಮಣ್ಣು ನೋಡಿ ಬಂಕರ್ ಎಣಿಸಿದವನೂ ಅವನೇ. "ಇವರು ಹಿಂದ ಹುಲ್ಲಾಗ ಅಳಕೋತ ಮಲಗಿದ್ರು. ನಾನೇ ಎಳಕೊಂಡು ಬಂದೆ. ಸುಳ್ಳಂದ್ರ ಅವರನ್ನೇ ಕೇಳ್ರಿ, ನಮ್ಮವ್ವನ ಮುಂದ ಅವರೇ ಒಪ್ಪಿದ್ದಾರ."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಈಗ ತೀರಿಕೊಂಡಿರುವ ಆ ತಾಯಿಗೆ ಅಂದು ನಾನು ಹೇಳಿದ್ದು ಸುಳ್ಳೆಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಕೈ ಮುಗಿದು ಕೂತೆ. ಜನ ಚಪ್ಪಾಳೆ ತಟ್ಟಿದರು.

ನನ್ನ ಹೆಂಡತಿ ಮೊದಲ ಸಾಲಿನಲ್ಲೇ ಕೂತು ಎಲ್ಲ ಕೇಳಿದ್ದಳು. ಬೀದರಿನಲ್ಲೇ, ಮೈಲೂರು ಬಡಾವಣೆಯ ನಮ್ಮ ಮನೆಗೆ ಆಟೋದಲ್ಲಿ ಹೊರಟೆವು. ಊರೇ ಹೇಡಿ ಅನ್ನಲಿ, ಇವಳೊಬ್ಬಳಿಗೆ ನಿಜ ಗೊತ್ತಿದ್ದರೆ ಸಾಕು ಅನ್ನಿಸಿತು.

"ಕಾಲುವಿ ದಂಡಿಗಿ ಹೋದಾಂವ ನಾನು. ಓಡಿ ಬಂದಾಂವ ಅವ" ಎಂದೆ.

ಅವಳು ನನ್ನ ಕೈ ಮೇಲೆ ಕೈ ಇಟ್ಟಳು.

"ಇರ್ಲಿ ಬಿಡ್ರಿ. ಅಂಜಿದ್ರ ಏನಾಯ್ತು? ಜೀವಂತ ಮನಿಗಿ ಬಂದ್ರಲ್ಲ, ನನಗ ಅಷ್ಟ ಸಾಕು."